ನಡುವಿನ ಟರ್ನ್

ಬೋರ್ಡಿನಲ್ಲಿ ನನ್ನ ಹೆಸರಿನ ಮುಂದೆ ಸಮಯವೇ ಇರಲಿಲ್ಲ. ಡಿಕ್ಯೂ, ಅಂದರೆ ಅನರ್ಹ, ಅಂತಿತ್ತು. ದೋಹಾದ ವಿಶ್ವ ಮಾಸ್ಟರ್ಸ್, ಅಂದರೆ ವಯಸ್ಕರು ವಯಸ್ಸಿನ ಗುಂಪುಗಳಲ್ಲಿ ಈಜುವ ಸ್ಪರ್ಧೆಗೆ ಇನ್ನು ಐದು ತಿಂಗಳಿತ್ತು. ಇಲ್ಲೇ ಊರಲ್ಲೊಂದು ಮೀಟ್‌ನಲ್ಲಿ 200 ಮೀಟರ್ ಐಎಂ (ಇಂಡಿವಿಜುವಲ್ ಮೆಡ್ಲೆ, ಒಬ್ಬರೇ ನಾಲ್ಕೂ ಬಗೆಯ ಈಜು ಈಜುವುದು) ಮುಗಿಸಿ, ಲೇನ್ ಹಗ್ಗಕ್ಕೆ ಜೋತುಬಿದ್ದು ಏದುಸಿರು ಬಿಡುತ್ತಿದ್ದೆ.

‘ಮುಟ್ಟೋ ಮುಂಚೆನೇ ಹೊರಳಿಬಿಟ್ರಿ ಮೇಡಂ. ನಾನೂ ನೋಡಿದೆ,’ ಅಂದರು ಕೋಚ್ ಸರ್. ಅಂಪೈರನ್ನು ಬೈಯೋಣ ಅಂತಿದ್ದವಳಿಗೆ ಆ ದಾರಿಯೂ ಮುಚ್ಚಿತು.

ಐಎಂನಲ್ಲಿ ಮೊದಲು ಬಟರ್‌ಫ್ಲೈ (ನಮ್ಮ ಬಾಯಲ್ಲಿ ಫ್ಲೈ), ಆಮೇಲೆ ಬೆನ್ನ ಮೇಲೆ ಈಜುವ ಬ್ಯಾಕ್, ಬ್ರೆಸ್ಟ್, ಕೊನೆಗೆ ಫ್ರೀಸ್ಟೈಲ್. 50 ಮೀಟರ್ ಪೂಲ್ ಆದರೆ ಒಂದೊಂದು ಸ್ಟ್ರೋಕ್‌ಗೆ ಒಂದೊಂದು ಉದ್ದ, ಮೂರೇ ಟರ್ನ್. ಕಾಡುವುದು ನಡುವಿನದು. ಬ್ಯಾಕ್ ಮುಗಿಸಿ ಕೈ ಗೋಡೆಗೆ ತಾಗುವ ಹೊತ್ತಿಗೆ ಈಜುವವರು ಬೆನ್ನ ಮೇಲೆಯೇ ಇರಬೇಕು. ಹೆಗಲು ಒಂದಿಷ್ಟು ವಾಲಿದರೆ ಅಡ್ಡಿಯಿಲ್ಲ. ಮೈ ಅರ್ಧಕ್ಕಿಂತ ಹೆಚ್ಚು ಹೊರಳಿ ಎದೆ ಕೆಳಮುಖ ಆಯಿತೋ, ಅಲ್ಲಿಗೆ ಮುಗೀತು. ನಾನು ಮಾಡುತ್ತಿದ್ದದ್ದು ಕ್ರಾಸ್‌ಓವರ್: ಪಕ್ಕಕ್ಕೆ ಹೊರಳುತ್ತಲೇ ಕೈ ಚಾಚಿ ಮುಟ್ಟಿ, ಅದೇ ಬಿರುಸಿನಲ್ಲಿ ಪಲ್ಟಿ ಹೊಡೆಯುವುದು. ಬೇಗ ಆಗುತ್ತೆ, ಚೆಂದವೂ ಕಾಣುತ್ತೆ. ಗೋಡೆ ನಾವು ಅಂದುಕೊಂಡ ಜಾಗದಲ್ಲೇ ಇದ್ದರೆ.

ಅದು ಇರಲ್ಲ. ಗೋಡೆಗೆ 5 ಮೀಟರ್ ಮುಂಚೆ ಪೂಲಿನ ಮೇಲೆ ಬಾವುಟದ ಸಾಲು ಕಟ್ಟಿರುತ್ತಾರೆ. ಬೆನ್ನ ಮೇಲೆ ಬರುವವರಿಗೆ ಗೋಡೆ ಎಷ್ಟು ದೂರ ಅಂತ ಹೇಳುವುದು ಅದೊಂದೇ. ಬಾವುಟ ದಾಟಿದ ಮೇಲೆ ನನ್ನದು ನಾಲ್ಕು ಕೈ ಎಳೆತ ಅಂತ ವರ್ಷಗಟ್ಟಲೆ ಎಣಿಸಿಟ್ಟುಕೊಂಡಿದ್ದೆ. ಎಣಿಸಿದ್ದೆಲ್ಲ ಬರೀ ಬ್ಯಾಕ್ ಈಜುವಾಗ, ದಣಿವಿಲ್ಲದ ತೋಳಿನಲ್ಲಿ. ಸ್ಪರ್ಧೆಯಲ್ಲಿ ಬ್ಯಾಕ್‌ಗಿಂತ ಮುಂಚೆ 50 ಮೀಟರ್ ಫ್ಲೈ ಇರುತ್ತೆ, ತೋಳು ಸೀಸದಂತಾಗಿರುತ್ತೆ, ಒಂದೊಂದು ಎಳೆತಕ್ಕೂ ಮೈ ಕಡಿಮೆ ದೂರ ಸಾಗುತ್ತೆ. ಆಗ ನಾಲ್ಕಲ್ಲ, ಐದು ಬೇಕು. ನಾಲ್ಕಕ್ಕೇ ಹೊರಳಿದರೆ ಕೈಗೆ ಸಿಗುವುದು ನೀರು.

ಸರ್ ಪಲ್ಟಿಯನ್ನೇ ನಿಲ್ಲಿಸಿಬಿಟ್ಟರು. ಸಾದಾ ಟರ್ನ್ ಮಾಡಿ, ಮಕ್ಕಳು ಮಾಡೋ ಥರ, ಅಂದರು. ಬೆನ್ನ ಮೇಲೆಯೇ ಬಂದು ಮುಟ್ಟಿ, ಮಂಡಿ ಮಡಚಿ, ತಿರುಗಿ, ಒದ್ದು ಹೋಗುವುದು. ನನಗೆ ಅವಮಾನವಾಯಿತು ಅಂತಲೇ ಹೇಳಬೇಕು. ಚಳಿಗಾಲದ ಐದೂವರೆಗೆ 50 ಫ್ಲೈ, 50 ಬ್ಯಾಕ್, ಒಂದು ಟರ್ನ್, ಇಂಥವು ಎಂಟು. ನಮ್ಮದು ಬಯಲು ಪೂಲ್. ಬ್ಯಾಕ್ ಈಜುವಾಗ ಮೇಲೆ ಕಾಣುವುದು ಕತ್ತಲೆ ಆಕಾಶ, ನೇರ ಹೋಗುತ್ತಿದ್ದೀನೋ ಇಲ್ಲವೋ ಅಂತ ತಿಳಿಯುವುದು ಮೊಣಕೈ ಲೇನ್ ಹಗ್ಗಕ್ಕೆ ಉಜ್ಜಿದಾಗಲೇ. ಬಲ ಮೊಣಕೈಯ ಗಾಯ ಆ ಡಿಸೆಂಬರ್ ಪೂರ್ತಿ ಮಾಯಲಿಲ್ಲ. ಮಗ ದಡದ ಮೇಲೆ ಕೂತು, ಆಕಳಿಸುತ್ತಾ, ಫೋನಲ್ಲಿ ವಿಡಿಯೋ ಮಾಡುತ್ತಿದ್ದ.

2024ರ ಫೆಬ್ರವರಿಯಲ್ಲಿ ದೋಹಾ. ನನಗಾಗ ಇನ್ನೂ 44. ಮಾಸ್ಟರ್ಸ್‌ನಲ್ಲಿ ಡಿಸೆಂಬರ್ 31ಕ್ಕೆ ಎಷ್ಟು ತುಂಬುತ್ತೋ ಅದೇ ವಯಸ್ಸು, ಹಾಗಾಗಿ 45-49ರ ಗುಂಪು. ಅಲ್ಲಿ ಹೀಟ್ಸ್, ಸೆಮಿಫೈನಲ್ ಅಂತೇನಿಲ್ಲ, ಒಂದೇ ಸಲ ಈಜುವುದು, ಸಮಯ ನೋಡಿ ಸ್ಥಾನ. ಫ್ಲೈಯಲ್ಲಿ ಬ್ರೆಸ್ಟ್‌ಸ್ಟ್ರೋಕ್ ಕಾಲು ಒದೆಯಲೂ ಮಾಸ್ಟರ್ಸ್‌ಗೆ ಅನುಮತಿ ಉಂಟು. ನನ್ನ ಪಕ್ಕದ ಲೇನಿನಾಕೆ ಹಾಗೇ ಈಜಿ ನನಗಿಂತ ಮುಂಚೆ ಮೊದಲ ಗೋಡೆ ಮುಟ್ಟಿದಳು!

ಬ್ಯಾಕ್‌ನಲ್ಲಿ ಮೇಲೆ ಛಾವಣಿ, ಅದರ ಗೆರೆ ಹಿಡಿದು ನೇರ ಬಂದೆ. ಬಾವುಟ. ಒಂದು, ಎರಡು, ಮೂರು, ನಾಲ್ಕು. ಗೋಡೆಯಿಲ್ಲ. ಹೆಗಲು ತಾನಾಗಿಯೇ ಹೊರಳಲು ಹೊರಟಿತು, ಹಳೇ ಚಾಳಿ. ಹೊಟ್ಟೆ ಮೇಲೆತ್ತಿ ಹಿಡಿದು, ಕೈ ಚಾಚಿಕೊಂಡೇ ಕಾಲು ಬಡಿದೆ. ಎಷ್ಟು ಹೊತ್ತೋ. ಬೆರಳಿಗೆ ಗೋಡೆಯ ಟಚ್‌ಪ್ಯಾಡ್ ಸಿಕ್ಕಿತು. ಪಕ್ಕದಾಕೆ ಅಷ್ಟರಲ್ಲಿ ಪಲ್ಟಿ ಹೊಡೆದು ಒಂದು ಮೈ ಉದ್ದ ಮುಂದೆ. ಬ್ರೆಸ್ಟ್ ನನ್ನ ಬಲ, ಅರ್ಧ ವಾಪಸ್ ಪಡೆದೆ. ಫ್ರೀಯಲ್ಲಿ ಏನು ಮಾಡಿದೆನೋ ನೆನಪಿಲ್ಲ. 3 ನಿಮಿಷ 21 ಸೆಕೆಂಡ್. ಪ್ರಾಕ್ಟೀಸ್‌ನಲ್ಲಿ ಇದಕ್ಕಿಂತ ಚೆನ್ನಾಗಿ ಈಜಿದ್ದೆ. ಆದರೂ ಬೋರ್ಡಿನಲ್ಲಿ ಹೆಸರಿನ ಮುಂದೆ ಅಂಕಿ ಇತ್ತು, ಎರಡೆರಡು ಸಲ ಓದಿಕೊಂಡೆ.

ಅದೇ ಆಗಸ್ಟ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್, ಮಹಿಳೆಯರ 200 ಐಎಂ ಫೈನಲ್. ನಮ್ಮಲ್ಲಿ ಮಧ್ಯರಾತ್ರಿ ದಾಟಿತ್ತು. ಕೆನಡಾದ 17ರ ಹುಡುಗಿ ಸಮ್ಮರ್ ಮೆಕಿಂಟೋಷ್ 2:06.56ಕ್ಕೆ ಚಿನ್ನ, ಅಮೆರಿಕದ ಕೇಟ್ ಡಗ್ಲಸ್ 2:06.92ಕ್ಕೆ ಬೆಳ್ಳಿ. ಮೂರನೆಯದಾಗಿ ಮುಟ್ಟಿದ ಅಲೆಕ್ಸ್ ವಾಲ್ಷ್ ಹೆಸರು ಪಟ್ಟಿಯಿಂದ ಹೋಗಿ, ಕಂಚು ಆಸ್ಟ್ರೇಲಿಯಾದ ಕೇಲೀ ಮೆಕ್ಯೋನ್ ಪಾಲಾಯಿತು. ಕಾರಣ: ಬ್ಯಾಕ್ ಮುಗಿಸುವಾಗ ಬೆನ್ನ ಮೇಲಿರಲಿಲ್ಲ.

‘ಅಮ್ಮಾ, ನಿನ್ನ ಟರ್ನೇ!’ ಅಂತ ಮಗ ಕಿರುಚಿದ. ನನಗೆ ನಗು ಬರಲಿಲ್ಲ, ಹೊಟ್ಟೆಯಲ್ಲಿ ಕಲಸಿದಂತಾಯಿತು.

ಮರುವಾರ ಸರ್ ಹತ್ತಿರ ಹೋಗಿ, ಮತ್ತೆ ಕ್ರಾಸ್‌ಓವರ್ ಶುರು ಮಾಡೋಣವಾ ಅಂದೆ. ಅವರು ಸ್ಟಾಪ್‌ವಾಚ್‌ನಿಂದ ಕಣ್ಣೆತ್ತಲಿಲ್ಲ.

‘ನಾಲ್ಕೋ ಐದೋ, ಮೊದಲು ಅದನ್ನ ತೀರ್ಮಾನ ಮಾಡ್ಕೊಳ್ಳಿ ಮೇಡಂ.’