ಒಣಗಿದ ಮರದ ದೋಣಿಗೆ ಮೊದಲು ಒದ್ದೆ ಗೋಣಿಚೀಲ

ತಿಂಗಳುಗಟ್ಟಲೆ ದಡದಲ್ಲಿ ಒಣಗಿದ ಮರದ ದೋಣಿಯನ್ನು ನೀರಿಗಿಳಿಸುವ ಮುಂಚೆ, ಒಳಗಡೆ ತಳಕ್ಕೆಲ್ಲ ಹಳೇ ಗೋಣಿಚೀಲ ಹಾಸಿ, ಕೆಲವು ದಿನ ಒದ್ದೆಯಾಗೇ ಇಡಿ. ಮೇಲೆ ಟಾರ್ಪಾಲು ಹೊದಿಸಿದರೆ ಬೇಗ ಆರುವುದಿಲ್ಲ. ಮರ ನೀರು ಕುಡಿದಾಗ ಅಗಲಕ್ಕೆ ಉಬ್ಬುತ್ತದೆ, ಉದ್ದಕ್ಕೆ ಹೆಚ್ಚುಕಮ್ಮಿ ಬೆಳೆಯುವುದೇ ಇಲ್ಲ. ಹಾಗಾಗಿ ಹಲಗೆಗಳು ಒಂದಕ್ಕೊಂದು ಒತ್ತಿಕೊಂಡು, ಬೆಳಕು ತೂರುತ್ತಿದ್ದ ಸಂದುಗಳು ತಾವಾಗಿಯೇ ಮುಚ್ಚುತ್ತವೆ. ಅವಸರ ಅಂತ ಪೈಪ್ ಬಿಟ್ಟು ದೋಣಿ ತುಂಬ ನೀರು ತುಂಬಿಸಬೇಡಿ. 1,000 ಲೀಟರ್ ಅಂದ್ರೆ ಒಂದು ಟನ್ ಭಾರ. ನೀರಲ್ಲಿದ್ದಾಗ ಹೊರಗಿನಿಂದ ಸಿಗುವ ಆಸರೆ ದಡದಲ್ಲಿ ಇರಲ್ಲ, ಅಲ್ವಾ? ಮೊಳೆಗಳೇ ಸಡಿಲವಾಗುತ್ತವೆ. ಅದಕ್ಕಿಂತ ಕೆಟ್ಟ ಉಪಾಯ ಒಣಗಿದ ಸಂದಿಗೆ ಎಪಾಕ್ಸಿ ಅಂಟು ತುಂಬುವುದು. ಅದು ಕಲ್ಲಿನಂತೆ ಗಟ್ಟಿಯಾಗಿ ಕೂತುಬಿಡುತ್ತದೆ. ಆಮೇಲೆ ಉಬ್ಬುವ ಹಲಗೆಗೆ ಜಾಗವಿಲ್ಲದೆ ಮೊಳೆ ಕಿತ್ತು ಬರಬಹುದು, ಒಳಗಿನ ಅಡ್ಡಪಟ್ಟಿಯೇ ಮುರಿಯಬಹುದು. ತುಂಬಲೇಬೇಕಿದ್ದರೆ ಒತ್ತಿದರೆ ಅಮುಕುವಂಥ ಮೆತ್ತನೆಯ ಪುಟ್ಟಿ ಸಾಕು. ಈ ಗೋಣಿಚೀಲದ ಉಪಾಯ ಹಲಗೆ ಜೋಡಿಸಿ ಮಾಡಿದ ದೋಣಿಗೆ ಮಾತ್ರ. ಪ್ಲೈವುಡ್ ದೋಣಿಗೆ, ಫೈಬರ್ ಹೊದಿಸಿದ್ದಕ್ಕೆ ನಡೆಯಲ್ಲ, ಸುಮ್ನೆ ತೇವ ಹಿಡಿದು ಹಾಳಾಗುತ್ತದೆ. ಮರ ಕೊಳೆತಿದ್ದರೂ ಅಷ್ಟೇ. ಚಾಕುವಿನ ತುದಿಯಿಂದ ತಳದ ಮೂಲೆಗಳನ್ನು ಚುಚ್ಚಿ ನೋಡಿ, ಸಲೀಸಾಗಿ ಇಳಿದರೆ ಹಲಗೆಯನ್ನೇ ಬದಲಿಸಬೇಕು. ಉದ್ದಕ್ಕೆ ಸೀಳಿದ ಹಲಗೆಯನ್ನೂ ಉಬ್ಬಿನ ಮೇಲೆ ನಂಬಬೇಡಿ. ನೀರಿಗಿಳಿಸಿದ ಮೇಲೆ ಒಂದೆರಡು ದಿನ ಸ್ವಲ್ಪ ಜಿನುಗುವುದು ಮಾಮೂಲಿ. ಅಷ್ಟೂ ಹೊತ್ತು ಆಳವಿಲ್ಲದ ಕಡೆ ಕಟ್ಟಿಹಾಕಿ, ಪಂಪ್ ಕೈಗೆಟುಕುವಂತಿರಲಿ. ಜಿನುಗು ದಿನೇದಿನೇ ಕಮ್ಮಿಯಾಗದಿದ್ದರೆ ಮೇಲೆಳೆದು, ಸಂದುಗಳಲ್ಲಿ ನೀರು ತಡೆಯಲು ತುರುಕಿರುವ ಹತ್ತಿಯನ್ನು ಬದಲಿಸಿ.