ಕಿರುಬೆರಳನ್ನು ಕೇಳಿ, ಆಮೇಲೆ ಗಟ್ಟಿ ಸ್ವಿಚ್ ತಗೊಳ್ಳಿ

ನಾನು ಶಿವಮೊಗ್ಗದಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಮದುವೆ ಕಾರ್ಡು, ಪಿಎಚ್‌ಡಿ ಪ್ರಬಂಧ, ಸಹಕಾರ ಸಂಘದ ವರದಿ, ಏನು ಬಂದರೂ ಸರಿ. ಟೈಪಿಂಗ್ ಕಲಿತದ್ದು ಟೈಪ್‌ರೈಟರ್ ಮೇಲೆ. ಅಲ್ಲಿ ಕೀಲಿ ಕುಟ್ಟಬೇಕು, ಮುಟ್ಟಿದರೆ ಅಕ್ಷರ ಬೀಳುವುದಿಲ್ಲ. ಆ ಅಭ್ಯಾಸದ ಬೆರಳು ಇಟ್ಟುಕೊಂಡು ಮೆಕ್ಯಾನಿಕಲ್ ಕೀಬೋರ್ಡ್, ಅಂದರೆ ಪ್ರತಿ ಕೀ ಕೆಳಗೂ ಸ್ಪ್ರಿಂಗಿನ ಬಿಡಿ ಸ್ವಿಚ್ ಇರುವಂಥದ್ದು, ತಗೊಂಡೆ. ಅದೂ ಹಗುರವಾದ ಕೆಂಪು ಸ್ವಿಚ್ಚಿನದು. ಬೆರಳು ಸುಮ್ನೆ ಇಟ್ಟರೂ ಅಕ್ಷರ ಬೀಳುತ್ತಿತ್ತು. ಒಂದು ಲಗ್ನಪತ್ರಿಕೆಯಲ್ಲಿ ವರನ ಹೆಸರಿಗೆ ಇನ್ನೊಂದು 'ಜ' ಸೇರಿಕೊಂಡಿತ್ತು. ಪ್ರೂಫಿನಲ್ಲಿ ಕಣ್ಣಿಗೆ ಬಿದ್ದಿದ್ದಕ್ಕೆ ಬಚಾವಾದೆ.

ಸರಿ, ಗಟ್ಟಿ ಸ್ವಿಚ್ ಬೇಕು ಅಂತ ಹಿಂದೆಮುಂದೆ ನೋಡದೆ ಒತ್ತಿದರೆ ಟಕ್ ಅನ್ನುವ 80 ಗ್ರಾಮಿನ ಕ್ಲಿಕ್ ಸ್ವಿಚ್ ತೊಂಬತ್ತು ತರಿಸಿದೆ. ಎರಡು ದಿನ ಖುಷಿ. "ಇದೇನೇ, ರಾತ್ರಿ ಹೊತ್ತು ಅವಲಕ್ಕಿ ಕುಟ್ಟೋ ಸದ್ದು?" ಅಂದರು ಅತ್ತೆ. ನಾಲ್ಕನೇ ದಿನಕ್ಕೆ ಎಡಗೈ ಕಿರುಬೆರಳು ಮಡಿಸಿದರೆ ನೋವು. ಸೊಪ್ಪು ಬಿಡಿಸುವುದಕ್ಕೂ ಆಗಲಿಲ್ಲ. ಆ ಸ್ವಿಚ್ಚುಗಳು ಈಗ ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿವೆ. ನೀವು ಬಾಟಲಿ ತುಂಬಿಸುವ ಮೊದಲು ಇದನ್ನೊಮ್ಮೆ ಓದಿ.

ಮೊದಲು ಅಂಕಿ ಓದುವುದು ಗೊತ್ತಿರಬೇಕು. ಚೆರ್ರಿ ಕಂಪನಿಯ ಎಂಎಕ್ಸ್ ಸ್ವಿಚ್ಚುಗಳಲ್ಲಿ ಕೆಂಪು 45, ಕಪ್ಪು 60, ಹಸಿರು 80 ಸೆಂಟಿನ್ಯೂಟನ್. ಒಂದು ಸೆಂಟಿನ್ಯೂಟನ್ ಅಂದರೆ ಹೆಚ್ಚೂಕಮ್ಮಿ ಒಂದು ಗ್ರಾಂ ಭಾರ, ತಲೆ ಕೆಡಿಸಿಕೊಳ್ಳಬೇಡಿ. ಇದು ಅಕ್ಷರ ಬೀಳುವ ಹಂತದ ತೂಕ. ಕೆಂಪು, ಕಪ್ಪು ಸ್ವಿಚ್ಚಿನ ಕೀ ಒಟ್ಟು 4 ಮಿಲಿಮೀಟರ್ ಇಳಿಯುತ್ತದೆ, 2 ಮಿಲಿಮೀಟರಿಗೇ ಅಕ್ಷರ ಬಿದ್ದಿರುತ್ತದೆ. ಅಲ್ಲಿಂದ ತಳ ಮುಟ್ಟುವ ತನಕ ಸ್ಪ್ರಿಂಗ್ ಇನ್ನೂ ಬಿಗಿಯಾಗುತ್ತಾ ಹೋಗುತ್ತದೆ. ಕೆಲವರು ಅಕ್ಷರ ಬೀಳುವ ತೂಕ ಬರೆಯುತ್ತಾರೆ, ಕೆಲವರು ತಳ ಮುಟ್ಟುವ ತೂಕ ಬರೆಯುತ್ತಾರೆ. ಜೀಲಿಯೋಸ್ ಸ್ವಿಚ್ಚಿನ 67 ಅನ್ನುವುದು ತಳದ ತೂಕ, ಗೇಟರಾನ್ ಹಳದಿಯ 50 ಅಕ್ಷರದ ತೂಕ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಮೋಸ ಹೋಗುತ್ತೀರಿ. ನನ್ನ ಥರ ಕುಟ್ಟುವವರಿಗೆ ತಳದ ತೂಕವೇ ಮುಖ್ಯ, ಯಾಕೆಂದರೆ ನಾವು ಪ್ರತಿ ಸಲ ತಳಕ್ಕೇ ಹೋಗುತ್ತೇವೆ.

ಈಗ ನಿಮ್ಮ ಹತ್ತಿರ ಇರುವ ಕೀಬೋರ್ಡಿನ ತೂಕ ನೋಡಿ. ಇದಕ್ಕೆ ದುಡ್ಡು ಖರ್ಚಿಲ್ಲ, ದುಡ್ಡು ಬೇಕು ಅಷ್ಟೇ. ಹತ್ತು ರೂಪಾಯಿಯ ಹತ್ತು-ಹನ್ನೆರಡು ನಾಣ್ಯ ಹೊಂದಿಸಿ. ಒಂದೊಂದೂ 7.7 ಗ್ರಾಂ. ಜೆ ಕೀ ಆರಿಸಿಕೊಂಡು ಅದರ ಸುತ್ತಲಿನ ಕ್ಯಾಪ್‌ಗಳನ್ನು ಕಿತ್ತಿಡಿ. ನಾಣ್ಯ 27 ಮಿಲಿಮೀಟರ್ ಅಗಲ, ಇಲ್ಲದಿದ್ದರೆ ಪಕ್ಕದ ಕೀ ಮೇಲೆ ಕೂತುಬಿಡುತ್ತದೆ. ಪರದೆಯಲ್ಲಿ ಖಾಲಿ ಕಡತ ತೆರೆದು, ನಾಣ್ಯ ಒಂದರ ಮೇಲೊಂದು ಮೆಲ್ಲಗೆ ಇಡುತ್ತಾ ಬನ್ನಿ. ಎಸೆಯಬೇಡಿ, ಇಡಿ.

ಕೆಂಪು ಸ್ವಿಚ್ಚಿನಲ್ಲಿ ಪ್ರತಿ ನಾಣ್ಯಕ್ಕೂ ಕೀ ಚೂರುಚೂರೇ ಇಳಿಯುವುದು ಕಾಣುತ್ತದೆ. ಆರನೆಯದು ಇಟ್ಟು ಕೈ ತೆಗೆದೆ, ಪರದೆ ತುಂಬಾ ಜಜಜಜಜಜ ಅಂತ ಓಡಿತು. ಆರು ನಾಣ್ಯ ಅಂದರೆ 46 ಗ್ರಾಂ, ಲೆಕ್ಕ ಸರಿಯಾಯಿತು. ಕ್ಲಿಕ್ ಸ್ವಿಚ್ ಹಾಗಲ್ಲ. ಅದು ಹಠಮಾರಿ ಮಗುವಿನ ಹಾಗೆ ನಿಂತಿದ್ದು, ಯಾವುದೋ ಒಂದು ನಾಣ್ಯಕ್ಕೆ ಟಕ್ ಅಂತ ಪೂರ್ತಿ ಕುಸಿಯುತ್ತದೆ, ನಾಣ್ಯವೆಲ್ಲ ಮೇಜಿನ ಮೇಲೆ ಚೆಲ್ಲುತ್ತವೆ. ಆಫೀಸಿನ ಮಾಮೂಲಿ ರಬ್ಬರ್ ಕೀಬೋರ್ಡಿಗೂ ಹೀಗೇ ಮಾಡಿ ನೋಡಿ. ಎಷ್ಟು ನಾಣ್ಯ ಹಿಡಿಯಿತೋ ಅದು ನಿಮ್ಮ ಬೆರಳಿಗೆ ಈಗಾಗಲೇ ಅಭ್ಯಾಸವಿರುವ ತೂಕ. ಅಲ್ಲಿಂದ ಒಂದು, ಹೆಚ್ಚೆಂದರೆ ಎರಡು ನಾಣ್ಯ ಮೇಲೆ ಹೋಗಿ. ನಾನು ಆರರಿಂದ ಹನ್ನೊಂದಕ್ಕೆ ಹಾರಿದ್ದೆ!

ಅಂಗಡಿಯಲ್ಲಿ ಒತ್ತಿ ನೋಡುವುದು ಸಾಲದು. ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯಲ್ಲಿ ಒಂದು ಅಂಗಡಿಯ ಹುಡುಗ ಒಂಬತ್ತು ಸ್ವಿಚ್ ಜೋಡಿಸಿದ ಪುಟ್ಟ ಹಲಗೆ ಮುಂದಿಟ್ಟ. "ಒತ್ತಿ ನೋಡಿ ಮೇಡಂ, ಯಾವ್ದು ಇಷ್ಟ ಆಗುತ್ತೆ?" ಎಲ್ಲವೂ ಇಷ್ಟವಾಯಿತು. ಯಾಕೆ ಗೊತ್ತಾ? ತೋರುಬೆರಳಲ್ಲಿ ಒತ್ತಿದ್ದೆ. ನಿಂತುಕೊಂಡು, ಒಂದೇ ಕೀಯನ್ನು, ನಾಲ್ಕು ಸಲ. ತೋರುಬೆರಳಿಗೆ 80 ಗ್ರಾಂ ಯಾವ ಲೆಕ್ಕ? ಅಂಥ ಹಲಗೆ ಸಿಕ್ಕಿದರೆ ಮೇಜಿನ ಮೇಲಿಟ್ಟು, ಅಂಗೈ ಟೈಪ್ ಮಾಡುವಾಗಿನ ಹಾಗೇ ಊರಿ, ಕಿರುಬೆರಳಲ್ಲಿ ಐವತ್ತು ಸಲ ಒತ್ತಿ. ಹುಡುಗ ವಿಚಿತ್ರವಾಗಿ ನೋಡಿದರೆ ನೋಡಲಿ. ಬೇಡದ್ದನ್ನು ಪಕ್ಕಕ್ಕಿಡಲು ಅಷ್ಟು ಸಾಕು, ಬೇಕಾದ್ದನ್ನು ಆರಿಸಲು ಮಾತ್ರ ಸಾಲದು.

ಅದಕ್ಕೆ ಹತ್ತೇ ಸ್ವಿಚ್ ಬಿಡಿಯಾಗಿ ಕೊಳ್ಳಿ. ನಿಮ್ಮ ಕೀಬೋರ್ಡ್ ಹಾಟ್‌ಸ್ವಾಪ್ ಆಗಿದ್ದರೆ ಬೆಸುಗೆ ಬೇಡ, ಕಿತ್ತು ಸಿಕ್ಕಿಸುವುದಷ್ಟೇ. ಸಿಕ್ಕಿಸುವ ಮುಂಚೆ ಕೆಳಗಿನ ಎರಡು ತಾಮ್ರದ ಕಡ್ಡಿ ನೆಟ್ಟಗಿವೆಯಾ ನೋಡಿ. ಸೊಟ್ಟಗಿದ್ದು ಒತ್ತಿದರೆ ಮಡಚಿಕೊಳ್ಳುತ್ತವೆ, ಕೀ ಕೆಲಸ ಮಾಡುವುದಿಲ್ಲ. ಕೆಲವು ಸ್ವಿಚ್ಚಿಗೆ ಪ್ಲಾಸ್ಟಿಕ್ಕಿನ ಎರಡು ಕಾಲು ಜಾಸ್ತಿ ಇರುತ್ತವೆ. ಬೋರ್ಡಿನಲ್ಲಿ ತೂತಿಲ್ಲದಿದ್ದರೆ ಉಗುರು ಕತ್ತರಿಯಲ್ಲಿ ಕತ್ತರಿಸಿ.

ಹತ್ತನ್ನು ಎಲ್ಲಿ ಹಾಕುತ್ತೀರಿ ಅನ್ನುವುದರಲ್ಲೇ ಎಲ್ಲ ಇದೆ. ಕಿರುಬೆರಳ ಜಾಗಗಳಿಗೆ ಮೊದಲು: ಎರಡೂ ಶಿಫ್ಟ್, ಎ, ಪಿ, ಎಂಟರ್, ಬ್ಯಾಕ್‌ಸ್ಪೇಸ್. ಉಳಿದವು ಎಫ್, ಕೆ, ಎನ್, ಆರ್ ಕೀಗಳಿಗೆ. ಶಿಫ್ಟಿನಂಥ ಉದ್ದ ಕೀಗಳ ಕೆಳಗೆ ತಂತಿ ಇರುವುದರಿಂದ ಅಲ್ಲಿ ಸ್ವಲ್ಪ ಬೇರೆ ಥರ ಅನ್ನಿಸುತ್ತದೆ, ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಸ್ಪೇಸ್‌ಬಾರ್ ಮುಟ್ಟಬೇಡಿ, ಹೆಬ್ಬೆರಳು ಏನನ್ನಾದರೂ ತಡೆಯುತ್ತದೆ.

ಕನ್ನಡ ಟೈಪ್ ಮಾಡುವವರಿಗೆ ಇದು ಇನ್ನೂ ಮುಖ್ಯ. ಇಂಗ್ಲಿಷಿನಲ್ಲಿ ಬರೆಯುವವರು "60 ಗ್ರಾಂ ಹಗುರ" ಅಂದರೆ ನಂಬಿ ಕೂರಬೇಡಿ. ಅವರಿಗೆ ಶಿಫ್ಟ್ ವಾಕ್ಯಕ್ಕೊಂದೆರಡು ಸಲ. ನಮಗೋ, ನುಡಿ ತಂತ್ರಾಂಶದ ಕೀಲಿಮಣೆಯಲ್ಲಿ ದೀರ್ಘಕ್ಕೂ ಶಿಫ್ಟ್, ಮಹಾಪ್ರಾಣಕ್ಕೂ ಶಿಫ್ಟ್, ಅನುಸ್ವಾರಕ್ಕೂ ಶಿಫ್ಟ್, ಣ ಳ ಶಗಳಿಗೂ ಶಿಫ್ಟ್. 'ಬೆಂಗಳೂರು' ಹೊಡೆದು ನೋಡಿ. ಎಂಟು ಅಕ್ಷರದ ಕೀ, ಅದರಲ್ಲಿ ಮೂರಕ್ಕೆ ಶಿಫ್ಟ್. ಮೂರೂ ಬಲಗೈ ಕೀಗಳಾದ್ದರಿಂದ ಮೂರು ಸಲವೂ ಎಡ ಕಿರುಬೆರಳೇ ಶಿಫ್ಟ್ ಹಿಡಿಯಬೇಕು. 'ಕಾರ್ಖಾನೆ'ಯ ದೀರ್ಘಕ್ಕೆ ಎಡ ಕಿರುಬೆರಳು ಎ ಮೇಲೆ, ಬಲ ಕಿರುಬೆರಳು ಶಿಫ್ಟ್ ಮೇಲೆ, ಎರಡೂ ಒಟ್ಟಿಗೆ. ನನ್ನ ಬೆರಳು ನಾಲ್ಕನೇ ದಿನ ಯಾಕೆ ಕೈಕೊಟ್ಟಿತು ಅಂತ ಇದನ್ನು ಎಣಿಸಿದ ಮೇಲೆ ಗೊತ್ತಾಯಿತು.

ಹಾಗಾಗಿ ಸುಮ್ನೆ ಏನೋ ಕುಟ್ಟಿ ಪರೀಕ್ಷೆ ಮಾಡಬೇಡಿ. ನಿಮ್ಮ ನಿಜವಾದ ಕೆಲಸವನ್ನೇ ಒಂದು ವಾರ ಮಾಡಿ. ಮೊದಲ ದಿನದ ಅಭಿಪ್ರಾಯಕ್ಕೆ ಬೆಲೆ ಕೊಡಬೇಡಿ, ಹೊಸದು ಯಾವಾಗಲೂ ಭಾರ ಅಥವಾ ಬಹಳ ಮಜಾ ಅನ್ನಿಸುತ್ತದೆ. ಮೂರನೇ ದಿನದಿಂದ, ಸಂಜೆ ಕೊನೆಯ ಗಂಟೆಯಲ್ಲಿ ಗಮನಿಸಿ. ಶಿಫ್ಟ್ ಪೂರ್ತಿ ಒತ್ತದೆ 'ಳ' ಬದಲು 'ಲ' ಬೀಳುತ್ತಿದೆಯಾ? ಹಾಗಿದ್ದರೆ ತೂಕ ಜಾಸ್ತಿಯಾಯಿತು. ಬೇಡದ ಅಕ್ಷರ ಇನ್ನೂ ಬೀಳುತ್ತಿದೆಯಾ? ಕಮ್ಮಿಯಾಯಿತು. ನೋವೋ ಜೋಮೋ ಬಂದರೆ ವಾರ ಮುಗಿಯಲಿ ಅಂತ ಕಾಯಬೇಡಿ, ಅವತ್ತೇ ತೆಗೆದುಬಿಡಿ.

ನನಗೆ ಒಪ್ಪಿದ್ದು ಬೆರಕೆ. ಮಧ್ಯದ ಕೀಗಳಿಗೆಲ್ಲ 60 ಗ್ರಾಮಿನ ಕಪ್ಪು, ಕಿರುಬೆರಳ ಕಡೆಗೆ ಹಳೇ ಕೆಂಪು. ಇದು ನನ್ನ ಕಂಡುಹಿಡಿಕೆಯೇನಲ್ಲ. ಜಪಾನಿನ ಟೋಪ್ರೆಯವರು ರಿಯಲ್‌ಫೋರ್ಸ್ ಕೀಬೋರ್ಡಿನ ಕೆಲವು ಮಾದರಿಗಳಲ್ಲಿ ಬೆರಳಿಗೆ ತಕ್ಕ ಹಾಗೆ 30, 45, 55 ಗ್ರಾಂ ಅಂತ ಬೇರೆಬೇರೆ ತೂಕವನ್ನೇ ಹಾಕಿ ಕೊಡುತ್ತಾರೆ. ಎರಡು ಥರದ ಸ್ವಿಚ್ ಸೇರಿಸಿದರೆ ಸದ್ದು ಒಂದೇ ಸಮ ಬರುವುದಿಲ್ಲ ಅನ್ನುವವರಿದ್ದಾರೆ. ಬರುವುದಿಲ್ಲ, ನಿಜ. ನನಗೆ ಸದ್ದಿನ ಚಿಂತೆಯಿಲ್ಲ, ಅತ್ತೆಗೂ ಈಗ ನಿದ್ದೆ ಬರುತ್ತಿದೆ.

ಹಾರ್ಲಿಕ್ಸ್ ಬಾಟಲಿಯಿಂದ ಒಂದೇ ಒಂದು ಸ್ವಿಚ್ ಆಚೆ ಬಂದಿದೆ. ಅದು ಕ್ಯಾಪ್ಸ್‌ಲಾಕಿನ ಕೆಳಗೆ ಕೂತಿದೆ. ಎ ಒತ್ತಲು ಹೋದ ಬೆರಳು ಅಲ್ಲಿ ತಗುಲಿದರೂ ಈಗ ಅದು ಜಗ್ಗುವುದಿಲ್ಲ.