ಸೈಬರ್ ಸುರಕ್ಷತೆ ಕಲಿಸೋಕೆ ಕ್ಯಾಶ್ ಕೌಂಟರೇ ಸರಿಯಾದ ಜಾಗ

ಕೊಡಗಿನಲ್ಲಿ ಹೋಂಸ್ಟೇ, ಮಸಾಲೆ ಅಂಗಡಿ, ಕಾಫಿ ವ್ಯಾಪಾರ ಅಂತ ನಾಲ್ಕೈದು ಜನರನ್ನಿಟ್ಟುಕೊಂಡು ನಡೆಸುವವರಿಗೆ ಕಂಪ್ಯೂಟರ್ ಸುರಕ್ಷತೆಗೆ ಅಂತಲೇ ಒಬ್ಬರನ್ನು ಇಡುವುದು ಆಗದ ಮಾತು. ಇರುವವರಿಗೇ ಕಲಿಸಬೇಕು. ಐಟಿಐಯಲ್ಲಿ ಕೋಪಾ (ಕಂಪ್ಯೂಟರ್ ಆಪರೇಟರ್ ಕೋರ್ಸ್) ಓದಿದವರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ನಿಯಮದ ಪ್ರಕಾರ 4ರಿಂದ 29 ಜನ ಇರುವ ಕಡೆ ಅದು ನಮ್ಮಿಷ್ಟ, 30 ಮುಟ್ಟಿದರೆ ಕಡ್ಡಾಯ. ಅವರಿಗೆ ಟೈಪಿಂಗ್, ಎಕ್ಸೆಲ್ ಬರುತ್ತದೆ. ಫೋನಿನಲ್ಲಿ ಯಾರೋ ಅವಸರ ಮಾಡಿದಾಗ ಏನು ಮಾಡಬೇಕು ಅನ್ನುವುದನ್ನು ಮಾತ್ರ ಕೌಂಟರ್‌ನಲ್ಲಿ ನಿಂತೇ ಕಲಿಯಬೇಕು.

ಶುರು ಮಾಡೋಕೆ ಮಳೆಗಾಲ ಒಳ್ಳೆಯದು. ಗಿರಾಕಿ ಕಡಿಮೆ, ಕೈ ಖಾಲಿ. ಕಾಫಿ ಕೊಯ್ಲು ಶುರುವಾದ ಮೇಲೆ ಯಾರಿಗೂ ಪುರುಸೊತ್ತಿರಲ್ಲ. ವಾರಕ್ಕೆರಡು ದಿನ, ಇಪ್ಪತ್ತು ನಿಮಿಷ ಸಾಕು.

ಮೊದಲ ಪಾಠ ಹಣದ್ದೇ ಇರಲಿ. ನಮ್ಮ ಹೋಂಸ್ಟೇಗೆ ಒಮ್ಮೆ ಫೋನ್ ಬಂತು. 'ನಾನು ಆರ್ಮಿ ಆಫೀಸರ್, ಮೂರು ರೂಮ್ ಬೇಕು, ಅಡ್ವಾನ್ಸ್ ಈಗಲೇ ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ' ಅಂದ. ಐಡಿ ಕಾರ್ಡಿನ ಫೋಟೋನೂ ಕಳಿಸಿದ್ದ. ಕಾರ್ಯಪ್ಪ, ತಿಮ್ಮಯ್ಯ ಅವರ ಊರು ನಮ್ಮದು, ಎಷ್ಟೋ ಮನೆಗಳಲ್ಲಿ ಸೇನೆಯಿಂದ ನಿವೃತ್ತರಾದವರಿದ್ದಾರೆ, ಆರ್ಮಿ ಅಂದ ತಕ್ಷಣ ನಾವು ಅನುಮಾನ ಪಡುವುದಿಲ್ಲ. ಕೌಂಟರ್‌ನಲ್ಲಿದ್ದ ಹುಡುಗಿ ಪಿನ್ ಹಾಕಿದಳು, ಐದು ಸಾವಿರ ಹೋಯಿತು. ಅವಳ ತಪ್ಪಲ್ಲ. ಅವಳಿಗೆ ನಾನು ಹೇಳಿಕೊಟ್ಟಿರಲಿಲ್ಲ.

ಈಗ ಹೊಸದಾಗಿ ಬಂದವರಿಗೆ ಮೊದಲ ದಿನವೇ ಒಂದು ರೂಪಾಯಿ ಆಟ ಆಡಿಸುತ್ತೇನೆ. ನನ್ನ ಫೋನಿನಿಂದ ಅವರಿಗೆ ಒಂದು ರೂಪಾಯಿ ಕಳಿಸುತ್ತೇನೆ. 'ಪಿನ್ ಕೇಳಿತಾ?' 'ಇಲ್ಲ ಅಕ್ಕ.' ಆಮೇಲೆ ಅವರು ನನ್ನ ಕ್ಯೂಆರ್ ಸ್ಕ್ಯಾನ್ ಮಾಡಿ ಒಂದು ರೂಪಾಯಿ ವಾಪಸ್ ಕಳಿಸಬೇಕು. ಆಗ ಪಿನ್ ಕೇಳುತ್ತದೆ. ಹಣ ಬರೋಕೆ ಪಿನ್ ಬೇಡ, ಹೋಗೋಕೆ ಮಾತ್ರ ಬೇಕು ಅನ್ನುವುದು ಅವರ ಬೆರಳಿಗೇ ಗೊತ್ತಾಗುತ್ತದೆ. ಮುಂದಿನ ವಾರ ಪರಿಚಯದವರೊಬ್ಬರ ಹತ್ತಿರ ಅದೇ ಆರ್ಮಿ ಆಫೀಸರ್ ಥರ ಫೋನ್ ಮಾಡಿಸಿ. ಇವತ್ತೋ ನಾಳೆಯೋ ಒಂದು ಪರೀಕ್ಷೆ ಇರುತ್ತದೆ ಅಂತ ಮೊದಲೇ ಹೇಳಿರಿ, ಸಿಕ್ಕಿಬಿದ್ದರೆ ಬೈಯಬೇಡಿ. ಬೈಗುಳಕ್ಕೆ ಹೆದರಿದವರು ನಿಜವಾಗಿ ಹಣ ಹೋದಾಗ ಮುಚ್ಚಿಡುತ್ತಾರೆ, ಅಷ್ಟರಲ್ಲಿ ಕಳ್ಳ ಹಣ ಬೇರೆ ಖಾತೆಗೆ ದಾಟಿಸಿರುತ್ತಾನೆ. ಹಣ ಹೋದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ಆ ನಂಬರನ್ನು ದೊಡ್ಡದಾಗಿ ಬರೆದು ಗಲ್ಲಾಪೆಟ್ಟಿಗೆ ಮೇಲೆ ಅಂಟಿಸಿ.

ಪಾಸ್‌ವರ್ಡ್ ಬಗ್ಗೆ ಜಾಸ್ತಿ ಭಾಷಣ ಬೇಡ. ಅಂಗಡಿ ಹೆಸರಿನ ಮುಂದೆ 123 ಅಂತಿರುವುದನ್ನು ಅವರ ಕೈಯಲ್ಲೇ ಬದಲಾಯಿಸಿ, ಇಮೇಲ್‌ಗೂ ವಾಟ್ಸಾಪ್‌ಗೂ ಎರಡು ಹಂತದ ಪರಿಶೀಲನೆ (ಲಾಗಿನ್ ಆಗುವಾಗ ಇನ್ನೊಂದು ಕೋಡ್ ಅಥವಾ ಪಿನ್ ಕೂಡ ಕೇಳುವುದು) ಹಾಕಿಸಿ. ಕೆಲಸ ಬಿಟ್ಟು ಹೋದವರ ಲಾಗಿನ್ ಅದೇ ದಿನ ತೆಗೆಯುವುದನ್ನೂ ಕಲಿಸಿ.

ವೈಫೈ ಹೋಂಸ್ಟೇಯವರಿಗೆ ಮುಖ್ಯ. ಅತಿಥಿಗಳಿಗೆ ಕೊಡುವ ವೈಫೈಯಲ್ಲೇ ಬಿಲ್ಲಿಂಗ್ ಕಂಪ್ಯೂಟರ್ ಇರಬಾರದು. ಈಗಿನ ಬಹಳಷ್ಟು ರೂಟರ್‌ಗಳಲ್ಲಿ ಗೆಸ್ಟ್ ನೆಟ್‌ವರ್ಕ್ ಅಂತ ಇರುತ್ತದೆ, ಅಪ್ರೆಂಟಿಸ್ ಕೈಗೆ ರೂಟರ್ ಕೊಟ್ಟು ಅವರೇ ಹುಡುಕಿ ಹಾಕಲಿ. ರೂಟರ್ ಜೊತೆ ಬಂದ ಅಡ್ಮಿನ್ ಪಾಸ್‌ವರ್ಡನ್ನೂ ಆಗಲೇ ಬದಲಾಯಿಸಲಿ.

ಇನ್ನೊಂದು, ಅತಿಥಿಗಳ ಆಧಾರ್ ಫೋಟೋ. ಒಮ್ಮೆ ಕೆಲಸದವರ ಜೊತೆ ಕೂತು ಫೋನಿನ ಗ್ಯಾಲರಿ ತೆರೆದು ನೋಡಿ, ಎರಡು ವರ್ಷದ ಹಿಂದೆ ಬಂದವರ ಕಾರ್ಡೂ ಅಲ್ಲೇ ಇರುತ್ತದೆ ಅಲ್ವಾ? ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೇಳುವುದನ್ನು ರೂಢಿ ಮಾಡಿಸಿ. ಇಟ್ಟುಕೊಳ್ಳಲೇಬೇಕಾದ ದಾಖಲೆ ಒಂದೇ ಕಡೆ ಇರಲಿ, ಉಳಿದದ್ದನ್ನು ಅವರ ಕೈಯಲ್ಲೇ ಅಳಿಸಿ.

ಬ್ಯಾಕಪ್ ಯಾಕೆ ಅಂತ 2018ರ ಆಗಸ್ಟ್‌ನಲ್ಲಿ ಕೊಡಗಿನ ಪ್ರವಾಹ, ಭೂಕುಸಿತ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಲೆಕ್ಕದ ಒಂದು ಪ್ರತಿ ಕಂಪ್ಯೂಟರಿನಲ್ಲಿ, ಒಂದು ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಕ್ಲೌಡಿನಲ್ಲಿ ಅಥವಾ ಮೈಸೂರಿನ ನೆಂಟರ ಮನೆಯಲ್ಲಿ ಇರಲಿ. ಹಾರ್ಡ್ ಡಿಸ್ಕನ್ನು ಕಾಪಿ ಮಾಡಿದ ಕೂಡಲೇ ಬಿಚ್ಚಿಡಬೇಕು, ಚುಚ್ಚಿಯೇ ಇದ್ದರೆ ವೈರಸ್ ಅದಕ್ಕೂ ತಗಲುತ್ತದೆ. ತಿಂಗಳಿಗೊಮ್ಮೆ ಒಂದು ಹಳೆಯ ಬಿಲ್ ಫೈಲ್ ಅಳಿಸಿ 'ಇದನ್ನು ವಾಪಸ್ ತಾ' ಅಂತ ಹೇಳಿ. ನಮ್ಮಲ್ಲಿ ಮೊದಲ ಸಲ ನಲವತ್ತು ನಿಮಿಷ ಹಿಡಿಯಿತು, ಮೂರನೇ ಸಲ ಐದೇ ನಿಮಿಷ.